ಎಲ್ಲವೂ ಅವಳ ಹೆಸರಿನಲ್ಲೇ ಇರಲಿ: ವಿಕಲಚೇತನ ಮಹಿಳೆಗೆ ಕಾರ್ಡು, ಪಿಂಚಣಿ, ಆಸ್ತಿ, ರಕ್ಷಣೆ ಪಡೆಯುವ ಕ್ರಮ

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಹೋದರೆ "ಇದು ಅಂಗವಿಕಲರ ಇಲಾಖೆಯ ಕೆಲಸ" ಎನ್ನುತ್ತಾರೆ. ಅಲ್ಲಿಗೆ ಹೋದರೆ "ಮಹಿಳಾ ಇಲಾಖೆಯಲ್ಲಿ ವಿಚಾರಿಸಿ" ಎಂಬ ಮಾತು ಬರುತ್ತದೆ. ಕಾಯ್ದೆಯಲ್ಲಿ ಈ ಗೊಂದಲ ಇಲ್ಲ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016, ವಿಕಲಚೇತನ ಮಹಿಳೆಯ ಹೆಸರನ್ನು ಬೇರೆಯಾಗಿಯೇ ಎತ್ತಿ ಹೇಳಿ, ಕೆಲವೆಡೆ ಅವಳಿಗೆ ಮೊದಲ ಆದ್ಯತೆ ಕೊಟ್ಟಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿದ್ದ 2.68 ಕೋಟಿ ವಿಕಲಚೇತನರಲ್ಲಿ 1.18 ಕೋಟಿ ಜನ ಹೆಣ್ಣುಮಕ್ಕಳು. ಕರ್ನಾಟಕವೊಂದರಲ್ಲೇ ಒಟ್ಟು 13.24 ಲಕ್ಷ ವಿಕಲಚೇತನರಿದ್ದರು. ಕರ್ನಾಟಕದಲ್ಲಿರುವ ಅಂಥ ಹೆಣ್ಣುಮಗಳಿಗೂ ಅವಳ ಜೊತೆ ಕಚೇರಿ ಸುತ್ತುವವರಿಗೂ ಈ ಬರಹ.

ಅರ್ಜಿ ಹಾಕುವ ಮೊದಲು

ಮೊದಲ ಕೆಲಸ ಮೊಬೈಲ್ ನಂಬರು. ಅವಳ ಆಧಾರ್‌ಗೆ ಅಣ್ಣನದೋ ಗಂಡನದೋ ಪಕ್ಕದ ಮನೆಯವರದೋ ನಂಬರು ಸೇರಿಕೊಂಡಿರುವುದು ತೀರಾ ಸಾಮಾನ್ಯ. ಹಾಗಿದ್ದರೆ ಪ್ರತಿ ಒಟಿಪಿಯೂ ಅವರ ಕೈಗೆ ಹೋಗುತ್ತದೆ, ಹಣ ಬಂದ ಸಂದೇಶವೂ ಅವರಿಗೇ. ಮನೆಯಲ್ಲಿ ಜಗಳವಾದ ದಿನ ಅವಳ ಕಾರ್ಡು, ಖಾತೆ, ಪಿಂಚಣಿ ಎಲ್ಲವೂ ಬೇರೆಯವರ ಫೋನಿನಲ್ಲಿ ಸಿಕ್ಕಿಕೊಂಡಿರುತ್ತವೆ. ಒಂದು ಸಾದಾ ಫೋನು, ಅವಳ ಹೆಸರಿನ ಒಂದು ಸಿಮ್ಮು ಸಾಕು. ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಆ ನಂಬರನ್ನು ಸೇರಿಸಿ. ಉಳಿದದ್ದು ಆಮೇಲೆ.

ಎರಡನೆಯದು ಹೆಸರು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಒಂದೇ ಕಾಗುಣಿತ ಇರಬೇಕು. ಒಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಇನ್ನೊಂದರಲ್ಲಿ ಗಂಡನ ಹೆಸರಿನದು ಇದ್ದರೆ ಮದುವೆಯಾದ ಹೆಣ್ಣುಮಕ್ಕಳ ಅರ್ಜಿ ಅಲ್ಲೇ ನಿಲ್ಲುತ್ತದೆ. ಬೆರಳಚ್ಚು ಕೂಡುವುದಿಲ್ಲ ಎಂದು ವಾಪಸ್ ಕಳಿಸುವುದೂ ಉಂಟು. ಕೈಬೆರಳಿಲ್ಲದವರಿಗೆ, ಕುಷ್ಠದಿಂದ ಬೆರಳು ಸವೆದವರಿಗೆ ಆಧಾರ್‌ನಲ್ಲಿ ಬಯೋಮೆಟ್ರಿಕ್ ವಿನಾಯಿತಿ ಇದೆ. ಕಣ್ಣಿನ ಅಥವಾ ಮುಖದ ಗುರುತಿನಿಂದ ಕೆಲಸ ನಡೆಸಬಹುದು ಎಂದು ಗಟ್ಟಿಯಾಗಿ ಕೇಳಿ.

ಜೊತೆಗೆ ಯಾರಿರಬೇಕು? ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ಜನ ವಿಆರ್‌ಡಬ್ಲ್ಯೂ ಎಂದೇ ಕರೆಯುತ್ತಾರೆ) ಇರುತ್ತಾರೆ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯೂ), ಜಿಲ್ಲೆಯಲ್ಲಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ. ಅರ್ಜಿ ತುಂಬಿಸಿ, ಶಿಬಿರದ ದಿನ ತಿಳಿಸಿ, ಆಸ್ಪತ್ರೆಗೆ ದಾರಿ ತೋರಿಸುವುದು ವಿಆರ್‌ಡಬ್ಲ್ಯೂ ಕೆಲಸ. ಇದಕ್ಕೆ ಅವರಿಗೆ ಹಣ ಕೊಡಬೇಕಾಗಿಲ್ಲ.

ಯುಡಿಐಡಿ ಕಾರ್ಡು

2024ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದುಪಡಿಯಾದ ಮೇಲೆ ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಯುಡಿಐಡಿ, ಅಂದರೆ ವಿಶಿಷ್ಟ ಅಂಗವೈಕಲ್ಯ ಗುರುತಿನ ಕಾರ್ಡಿಗೂ ಅರ್ಜಿ ಹಾಕುವುದು ಕೇಂದ್ರದ ಸ್ವಾವಲಂಬನ್ ಕಾರ್ಡ್ ಪೋರ್ಟಲ್ ಮೂಲಕವೇ. ಬೇಕಾಗುವುದು ಆಧಾರ್, ವಿಳಾಸದ ದಾಖಲೆ, ಈಚಿನ ಫೋಟೊ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು. ಹಳೆಯ ಕಾಗದದ ಪ್ರಮಾಣಪತ್ರ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ ಏರಿಸಿ. ಅರ್ಜಿ ಮುಗಿದೊಡನೆ ಬರುವ ನೋಂದಣಿ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ಆ ಸಂಖ್ಯೆ ಇಲ್ಲದೆ ಆಸ್ಪತ್ರೆಯಲ್ಲಿ ಫೈಲು ಹುಡುಕುವುದು ಕಷ್ಟ.

ಆಸ್ಪತ್ರೆ ಆರಿಸುವ ಕಾಲಂನಲ್ಲಿ ಆತುರ ಬೇಡ. ಅವಳು ವಾಸವಿರುವ ಅಥವಾ ಚಿಕಿತ್ಸೆ ಪಡೆಯುತ್ತಿರುವ ಜಿಲ್ಲೆಯ ಆಸ್ಪತ್ರೆಯನ್ನೇ ಆರಿಸಬೇಕು. ಅವಳ ತೊಂದರೆಗೆ ಬೇಕಾದ ತಜ್ಞರು ಅಲ್ಲಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಮಾನಸಿಕ ಕಾಯಿಲೆಗೆ ಮನೋವೈದ್ಯರು ಬೇಕು, ಶ್ರವಣದೋಷಕ್ಕೆ ಆಡಿಯೋಮೆಟ್ರಿ ಯಂತ್ರ ಬೇಕು. ಇವಿಲ್ಲದ ಕಡೆ ಆರಿಸಿದರೆ ಮೂರು ಸಲ ಬಸ್ಸು ಹತ್ತಿ ಇಳಿದರೂ ಕೆಲಸವಾಗುವುದಿಲ್ಲ.

ಕಾರ್ಡಿನ ಮೇಲಿನ ಪಟ್ಟಿಯ ಬಣ್ಣ ವೈಕಲ್ಯದ ಪ್ರಮಾಣ ಹೇಳುತ್ತದೆ. ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಅದಕ್ಕೂ ಹೆಚ್ಚಿದ್ದರೆ ನೀಲಿ. ಪಿಂಚಣಿ, ಮೀಸಲಾತಿಯಂಥ ಸೌಲಭ್ಯಗಳ ಬಾಗಿಲು ಸಾಮಾನ್ಯವಾಗಿ ತೆರೆಯುವುದು 40ರಿಂದ. ಆದ್ದರಿಂದ ತಪಾಸಣೆಯ ದಿನವೇ ಈ ಕೆಲಸದ ಜೀವ.

ಕಾಯ್ದೆ ಗುರುತಿಸಿರುವುದು 21 ಬಗೆಯ ವೈಕಲ್ಯ. ಆದರೆ ನಮ್ಮ ಊರುಗಳಲ್ಲಿ ಇಂದಿಗೂ ಅಂಗವಿಕಲರೆಂದರೆ ಕಾಲು, ಕಣ್ಣು, ಕಿವಿ ಇಷ್ಟೇ ಎಂಬ ನಂಬಿಕೆ. ಆಸಿಡ್ ದಾಳಿಗೆ ಸಿಕ್ಕವರು ಈ ಪಟ್ಟಿಯಲ್ಲಿದ್ದಾರೆ. ವರ್ಷಗಟ್ಟಲೆ ಮನೆಯ ಮೂಲೆಯಲ್ಲಿ "ಅವಳಿಗೆ ತಲೆ ಸರಿಯಿಲ್ಲ" ಎನಿಸಿಕೊಂಡು ಕುಳಿತ ಮಾನಸಿಕ ಕಾಯಿಲೆಯ ಹೆಂಗಸು ಇದ್ದಾಳೆ. ಥಲಸ್ಸೀಮಿಯಾ, ಕುಡಗೋಲು ಕಣ ರೋಗ (ಸಿಕಲ್ ಸೆಲ್) ಎಂಬ ರಕ್ತದ ಕಾಯಿಲೆಗಳಿವೆ. ಎರಡನೆಯದು ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಕಾಣುವ ಕಾಯಿಲೆ. ಪಾರ್ಕಿನ್ಸನ್ ಇರುವ ಅಜ್ಜಿಯೂ ಅರ್ಜಿ ಹಾಕಬಹುದು. ರೋಗವೆಂದು ಬರೆದ ಹಳೆಯ ಚೀಟಿ, ಡಿಸ್ಚಾರ್ಜ್ ಸಾರಾಂಶ, ಔಷಧದ ಪಟ್ಟಿ ಎಲ್ಲವನ್ನೂ ತಾರೀಕಿನ ಕ್ರಮದಲ್ಲಿ ಜೋಡಿಸಿ ಒಯ್ಯಿರಿ.

ಎರಡು ವೈಕಲ್ಯ ಇದ್ದರೆ ಎರಡನ್ನೂ ಬರೆಯಿಸಲೇಬೇಕು. ಹೆಚ್ಚಿನ ಜನ ಎಡವುವುದು ಇಲ್ಲಿ. ಕಣ್ಣು ಮಂದವಿದ್ದು ಕಾಲೂ ಕುಂಟುತ್ತಿದ್ದರೆ ವೈದ್ಯರು ಎದ್ದು ಕಾಣುವ ಕಾಲನ್ನಷ್ಟೇ ನೋಡಿ ಕಳಿಸುತ್ತಾರೆ. ಎರಡನ್ನೂ ಅಳೆದಾಗ ಸೇರಿಸುವ ಸೂತ್ರ ಹೀಗಿದೆ: ಹೆಚ್ಚಿನ ಪ್ರಮಾಣವನ್ನು ಹಾಗೇ ಇಟ್ಟುಕೊಳ್ಳಿ. 90ರಲ್ಲಿ ಅದನ್ನು ಕಳೆದು, ಉಳಿದದ್ದನ್ನು ಕಡಿಮೆ ಪ್ರಮಾಣದಿಂದ ಗುಣಿಸಿ 90ರಿಂದ ಭಾಗಿಸಿ. ಬಂದದ್ದನ್ನು ಮೊದಲಿನದಕ್ಕೆ ಕೂಡಿಸಿ. ಕಾಲಿಗೆ 36, ಕಣ್ಣಿಗೆ 27 ಎಂದಿಟ್ಟುಕೊಳ್ಳಿ. 90ರಲ್ಲಿ 36 ಹೋದರೆ 54. ಅದನ್ನು 27ರಿಂದ ಗುಣಿಸಿ 90ರಿಂದ ಭಾಗಿಸಿದರೆ 16.2. ಒಟ್ಟು 52.2. ಬೇರೆಬೇರೆಯಾಗಿ ನೋಡಿದರೆ ಎರಡೂ 40 ಮುಟ್ಟುವುದಿಲ್ಲ. ಕೂಡಿಸಿದರೆ ಅವಳು ಪಿಂಚಣಿಯ ಗೆರೆ ದಾಟುತ್ತಾಳೆ.

ತಪಾಸಣೆಗೆ ಅವಳಿಗೆ ಬೇಕಾದ ಹೆಂಗಸೊಬ್ಬರು ಜೊತೆಗಿರಲಿ. ಬಟ್ಟೆ ಸಡಿಲಿಸಬೇಕಾದ ತಪಾಸಣೆಯಾದರೆ ಪರದೆಯ ಮರೆಯಲ್ಲಿ, ನರ್ಸ್ ಎದುರಿನಲ್ಲಿ ನಡೆಸಿ ಎಂದು ಕೇಳುವುದು ಅತಿಯಾದ ಬೇಡಿಕೆ ಅಲ್ಲ. ಕೇಳಿಸದ ಹೆಣ್ಣುಮಗಳಾದರೆ ಅವಳ ಸನ್ನೆ ಬಲ್ಲವರು ಇರಬೇಕು. ಮನೆಯವರು "ಅವಳು ಎಲ್ಲ ಕೆಲಸ ಮಾಡ್ತಾಳೆ" ಎಂದು ಅಭಿಮಾನದಿಂದ ಹೇಳಿಬಿಡುತ್ತಾರೆ, ಆ ಮಾತು ಚೀಟಿಯ ಮೇಲೆ ಇಳಿಯುತ್ತದೆ. ಹೇಗೆ ಮಾಡುತ್ತಾಳೆ, ಎಷ್ಟು ಹೊತ್ತು ಹಿಡಿಯುತ್ತದೆ, ಏನು ಆಗುವುದೇ ಇಲ್ಲ ಎಂಬುದನ್ನು ಅವಳ ಬಾಯಿಂದಲೇ ಹೇಳಿಸಿ.

ಈಗಿನ ನಿಯಮದಂತೆ ಅರ್ಜಿಯ ತೀರ್ಮಾನಕ್ಕೆ ಗಡುವು ಮೂರು ತಿಂಗಳು. ಇಲ್ಲ ಎನ್ನುವುದಾದರೆ ಕಾರಣವನ್ನು ಬರೆದು ಕೊಡಬೇಕು. ಪ್ರಮಾಣ ಕಡಿಮೆ ಹಾಕಿದ್ದಾರೆ ಎನಿಸಿದರೂ ಅಷ್ಟೇ, 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಯಾರ ಬಳಿ ಎಂಬುದನ್ನು ಜಿಲ್ಲಾ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಮದುವೆಯಾಗಿ ಬೇರೆ ಜಿಲ್ಲೆಗೋ ಬೇರೆ ರಾಜ್ಯಕ್ಕೋ ಹೋದರೆ "ಇಲ್ಲಿನ ಪ್ರಮಾಣಪತ್ರ ತನ್ನಿ" ಎನ್ನುತ್ತಾರೆ. ಅದು ತಪ್ಪು. 2016ರ ಕಾಯ್ದೆಯ 58ನೇ ಕಲಮಿನ ಪ್ರಕಾರ ಈ ಪ್ರಮಾಣಪತ್ರ ಇಡೀ ದೇಶದಲ್ಲಿ ನಡೆಯುತ್ತದೆ. ಬದಲಾಯಿಸಬೇಕಾದದ್ದು ವಿಳಾಸ ಮಾತ್ರ.

ಪಿಂಚಣಿ, ರೇಷನ್, ಗೃಹಲಕ್ಷ್ಮಿ

ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ಯುಡಿಐಡಿ ಕಾರ್ಡು, ಆಧಾರ್, ರೇಷನ್ ಕಾರ್ಡು, ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಖಾತೆ ಬೇಕು. ಈಚಿನ ವರ್ಷಗಳಲ್ಲಿ ಶೇ. 40ರಿಂದ 75ರೊಳಗಿನ ವೈಕಲ್ಯಕ್ಕೆ ತಿಂಗಳಿಗೆ 800, ಅದಕ್ಕೂ ಹೆಚ್ಚಿನದಕ್ಕೆ 1,400 ರೂಪಾಯಿ ಸಿಗುತ್ತಿದೆ. ಅರ್ಜಿ ಕೊಟ್ಟ ಕೂಡಲೇ ಸಕಾಲ (ಗಡುವಿನೊಳಗೆ ಸೇವೆ ಕೊಡುವ ರಾಜ್ಯದ ವ್ಯವಸ್ಥೆ) ಸ್ವೀಕೃತಿ ಮತ್ತು ಅದರ ಮೇಲಿನ ಜಿಎಸ್‌ಸಿ ಸಂಖ್ಯೆ ತೆಗೆದುಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ. ಗಡುವು ಮೀರಿದರೆ ಮೇಲ್ಮನವಿ ಹಾಕಲು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಲು ಆ ಸಂಖ್ಯೆಯೇ ಆಧಾರ.

ವಿಧವೆಯೂ ವಿಕಲಚೇತನಳೂ ಆದವಳಿಗೆ ಎರಡು ಪಿಂಚಣಿ ಒಟ್ಟಿಗೆ ಬರುವುದಿಲ್ಲ, ಒಂದನ್ನು ಆರಿಸಬೇಕು. ಈಗಾಗಲೇ ವಿಧವಾ ವೇತನ ಬರುತ್ತಿದ್ದು ವೈಕಲ್ಯ 75ಕ್ಕಿಂತ ಹೆಚ್ಚಿದ್ದರೆ ಲೆಕ್ಕ ಹಾಕಿ ನೋಡಿ, ಬದಲಾಯಿಸುವುದು ಲಾಭ. ಹಳೆಯದನ್ನು ಮೊದಲೇ ನಿಲ್ಲಿಸಬೇಡಿ. ಹೊಸದರ ಮಂಜೂರಾತಿಯ ವಿಚಾರವನ್ನು ತಹಶೀಲ್ದಾರ್ ಕಚೇರಿಯಲ್ಲಿ ಮಾತಾಡಿ ಖಚಿತ ಮಾಡಿಕೊಂಡೇ ಮುಂದುವರಿಯಿರಿ, ಇಲ್ಲದಿದ್ದರೆ ನಡುವಿನ ತಿಂಗಳುಗಳಲ್ಲಿ ಎರಡೂ ಇಲ್ಲದಂತಾಗುತ್ತದೆ.

"ಮಂಜೂರಾಗಿದೆ, ಹಣ ಬಂದಿಲ್ಲ" ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು. ನೇರ ವರ್ಗಾವಣೆಯ ಹಣ ಬರುವುದು ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ. ಸ್ವಸಹಾಯ ಸಂಘದ ಸಾಲಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರೆ ಹಣ ಅಲ್ಲಿ ಕೂತಿರಬಹುದು. ಬ್ಯಾಂಕಿನಲ್ಲಿ "ಎನ್‌ಪಿಸಿಐ ಮ್ಯಾಪಿಂಗ್ ನೋಡಿ" ಎಂದರೆ ಹೇಳುತ್ತಾರೆ.

2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಬರೆದಿರುವ ಒಬ್ಬಳಿಗೆ ಮಾತ್ರ. ಅವಳು ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಇಲ್ಲ. ವಿಕಲಚೇತನ ಪಿಂಚಣಿ ಬರುತ್ತಿದೆ ಎಂಬ ಕಾರಣಕ್ಕೆ ಇದು ತಪ್ಪುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಗಂಡ ಹಾಸಿಗೆ ಹಿಡಿದ ಅಥವಾ ಬಿಟ್ಟುಹೋದ ಮನೆಯಲ್ಲಿ ಸಂಸಾರ ನಡೆಸುತ್ತಿರುವ ವಿಕಲಚೇತನ ಮಹಿಳೆಯನ್ನು ಯಜಮಾನಿ ಎಂದು ಬರೆಯಲು ಮನೆಯವರೇ ಒಪ್ಪುವುದಿಲ್ಲ. ಆಹಾರ ಭದ್ರತಾ ಕಾಯ್ದೆ 2013ರ 13ನೇ ಕಲಂ ಹೇಳುವುದು, 18 ದಾಟಿದ ಹಿರಿಯ ಹೆಂಗಸೇ ರೇಷನ್ ಕಾರ್ಡಿನ ಯಜಮಾನಿ ಎಂದು. ವೈಕಲ್ಯ ಅದಕ್ಕೆ ಅಡ್ಡಿಯಲ್ಲ. ಬೇರೆ ಒಲೆ ಹೂಡಿ ಒಬ್ಬಳೇ ಇರುವವಳು ಪ್ರತ್ಯೇಕ ಕಾರ್ಡಿಗೆ ಅರ್ಜಿ ಹಾಕಲಿ. ಆಸರೆಯಿಲ್ಲದ ವಿಕಲಚೇತನರು ಮುಖ್ಯಸ್ಥರಾಗಿರುವ ಕುಟುಂಬಗಳು ತಿಂಗಳಿಗೆ 35 ಕೆಜಿ ಧಾನ್ಯದ ಅಂತ್ಯೋದಯ ಕಾರ್ಡಿನ ಅರ್ಹತೆಯ ಪಟ್ಟಿಯಲ್ಲಿವೆ. ಅರ್ಜಿಯಲ್ಲಿ "ಅಂತ್ಯೋದಯ" ಎಂಬ ಪದವನ್ನು ಬರೆದೇ ಕೇಳಿ.

ಶಕ್ತಿ ಯೋಜನೆಯಿಂದ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಅವಳಿಗೆ ಟಿಕೆಟ್ ಹಣ ಇಲ್ಲ. ಜೊತೆಗೆ ಬರುವ ಗಂಡಸಿಗೆ ಆ ವಿನಾಯಿತಿ ಇಲ್ಲ. ದೃಷ್ಟಿದೋಷವಿರುವ ತಾಯಂದಿರಿಗೆ ಮಗು ಸಾಕಲು ರಾಜ್ಯ ಸರ್ಕಾರ ಶಿಶುಪಾಲನಾ ಭತ್ಯೆ ಕೊಡುತ್ತದೆ. ಹೆರಿಗೆಯಾದ ಕೂಡಲೇ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಕೇಳಿ.

ಪಂಚಾಯಿತಿಯಲ್ಲಿ ಹೇಗೆ ಕೇಳಬೇಕು

ಬಾಯಿಮಾತಿನ ಮನವಿ ಗಾಳಿಗೆ ಹೋಗುತ್ತದೆ. ಒಂದು ಪುಟದ ಅರ್ಜಿ, ಅದರಲ್ಲಿ ಕಲಮಿನ ಸಂಖ್ಯೆ, ಕೆಳಗೆ ಸಹಿ, ಸ್ವೀಕೃತಿಯ ಮೊಹರು. ಇಷ್ಟಿದ್ದರೆ ಬಹಳಷ್ಟು ಕಚೇರಿಗಳ ದನಿಯೇ ಬದಲಾಗುತ್ತದೆ.

ಬರೆಯಬೇಕಾದದ್ದು 2016ರ ಕಾಯ್ದೆಯ ಕಲಂ 37. ಸರ್ಕಾರದ ಯೋಜನೆಗಳಲ್ಲಿ ಹಂಚುವ ಕೃಷಿ ಭೂಮಿ ಮತ್ತು ಮನೆಗಳಲ್ಲಿ ಶೇ. 5, ಬಡತನ ನಿವಾರಣೆ ಯೋಜನೆಗಳಲ್ಲಿ ಶೇ. 5 ವಿಕಲಚೇತನರಿಗೆ ಮೀಸಲು. ಎರಡರಲ್ಲೂ ಶೇ. 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯವಿರುವ ಮಹಿಳೆಯರಿಗೆ ಆದ್ಯತೆ ಎಂದು ಕಲಂ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಒಂದು ಮನೆ, ಇಬ್ಬರು ವಿಕಲಚೇತನ ಅರ್ಜಿದಾರರು ಎಂದಾದಾಗ ಹೆಣ್ಣುಮಗಳ ಹೆಸರು ಮೇಲೆ ಬರಬೇಕು. ವಸತಿ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ನಡೆಯುವುದರಿಂದ ಆ ದಿನ ಅವಳು ಅಲ್ಲಿರಬೇಕು. ಅವಳ ಅರ್ಜಿಯ ವಿಷಯ ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ಸಭೆ ಮುಗಿಯುವ ಮುನ್ನ ನೋಡಿ. ಸಭೆ ಮೆಟ್ಟಿಲು ಹತ್ತುವ ಕಟ್ಟಡದಲ್ಲಿದ್ದರೆ ನೆಲಮಹಡಿಯಲ್ಲಿ ನಡೆಸಲು ಒಂದು ವಾರ ಮೊದಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರೆದುಕೊಡಿ.

ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲೂ ಶೇ. 5ನ್ನು ವಿಕಲಚೇತನರಿಗೆ ಖರ್ಚು ಮಾಡಬೇಕು. ಕಳೆದ ವರ್ಷ ಆ ಹಣ ಯಾವುದಕ್ಕೆ ಹೋಯಿತು, ಅದರಲ್ಲಿ ಮಹಿಳೆಯರೆಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ಇಡೀ ಹಣಕ್ಕೆ ತ್ರಿಚಕ್ರ ವಾಹನ ಕೊಂಡು ಗಂಡಸರಿಗೇ ಹಂಚಿದ್ದರೆ ಅದು ಕಾಗದದ ಮೇಲೆ ಕಾಣಲಿ. ಮುಂದಿನ ಸಲ ಹೊಲಿಗೆ ಯಂತ್ರವೋ ಶೌಚಾಲಯದ ಹಿಡಿಕೆ, ಇಳಿಜಾರಿನ ಕೆಲಸವೋ ಕೇಳಲು ಅದೇ ದಾಖಲೆ ಸಾಕು.

ಖಾತೆ ಮತ್ತು ಆಸ್ತಿ

ಕಣ್ಣು ಕಾಣದವರಿಗೆ ಚೆಕ್‌ಬುಕ್ಕು, ಎಟಿಎಂ ಕಾರ್ಡು ಕೊಡಲಾಗದು ಎಂದು ಬ್ಯಾಂಕು ಹೇಳುವಂತಿಲ್ಲ. 2008ರಲ್ಲೇ ರಿಸರ್ವ್ ಬ್ಯಾಂಕ್ ಈ ಸೂಚನೆ ಕೊಟ್ಟಿದೆ. ಜಂಟಿ ಖಾತೆ ಮಾಡಿಸಿ ಎಂದು ಒತ್ತಾಯಿಸಿದರೆ ಒಪ್ಪಬೇಡಿ.

ಆಸ್ತಿಯ ವಿಷಯದಲ್ಲಿ ಮೋಸ ನಡೆಯುವುದು ಹೆಚ್ಚಾಗಿ ಮನೆಯೊಳಗೆ. "ಅವಳನ್ನು ನಾವೇ ನೋಡಿಕೊಳ್ಳುತ್ತೇವಲ್ಲ" ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಪ್ರಕಾರ ರೋಗ, ನ್ಯೂನತೆ, ಅಂಗವಿಕಾರದ ಕಾರಣದಿಂದ ಯಾರ ಪಾಲೂ ತಪ್ಪುವುದಿಲ್ಲ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳು ಮಗನಿಗೆ ಸಮ. 2016ರ ಕಾಯ್ದೆಯ 13ನೇ ಕಲಂ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ನೆರವು ಕೊಡುವವರಿಗೂ ಅವಳಿಗೂ ಹಿತದ ತಿಕ್ಕಾಟ ಇರುವ ವ್ಯವಹಾರದಲ್ಲಿ ಆ ನೆರವಿಗ ದೂರ ಸರಿಯಬೇಕು. ಪಾಲಿನ ಪತ್ರವನ್ನು ಅಣ್ಣನೇ ಓದಿ ಹೇಳಿ, ಅಣ್ಣನೇ ಬೆರಳು ಹಿಡಿದು ಒತ್ತಿಸಿದರೆ ಆ ಪತ್ರವನ್ನು ಪ್ರಶ್ನಿಸಲು ಈ ಕಲಂ ದಾರಿ ಕೊಡುತ್ತದೆ. ನೋಂದಣಿಗೆ ಮುಂಚೆ ಹೊರಗಿನವರೊಬ್ಬರಿಂದ ಪತ್ರ ಓದಿಸಿಕೊಳ್ಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. ಮಹಿಳೆಯರಿಗೂ ವಿಕಲಚೇತನರಿಗೂ ಅಲ್ಲಿ ಆದಾಯದ ಮಿತಿಯೇ ಇಲ್ಲ. ಸಹಾಯವಾಣಿ 15100.

ಹಿಂಸೆ ನಡೆದಾಗ

ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಮಾತು ಬಾರದವಳಿದ್ದರೆ ಫೋನು ಸಾಕಾಗದು. ಅಕ್ಕಪಕ್ಕದ ಒಬ್ಬರಿಗೆ, ಆಶಾ ಕಾರ್ಯಕರ್ತೆಗೆ, ವಿಆರ್‌ಡಬ್ಲ್ಯೂಗೆ ತಿಳಿಸುವ ಒಂದು ಸಂಕೇತವನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಲೈಂಗಿಕ ದೌರ್ಜನ್ಯದ ದೂರನ್ನು ಯಾವ ಠಾಣೆಯಾದರೂ ದಾಖಲಿಸಿಕೊಳ್ಳಬೇಕು, "ನಮ್ಮ ಸರಹದ್ದಲ್ಲ" ಎನ್ನುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2023ರ 173ನೇ ಕಲಂ ವಿಕಲಚೇತನ ಮಹಿಳೆಗಾಗಿ ವಿಶೇಷ ಕ್ರಮ ಹೇಳಿದೆ. ಪೊಲೀಸರು ಅವಳ ಮನೆಗೆ, ಅಥವಾ ಅವಳು ಹೇಳಿದ ಅನುಕೂಲದ ಜಾಗಕ್ಕೆ ಬಂದು ದೂರು ಬರೆದುಕೊಳ್ಳಬೇಕು. ಬರೆದುಕೊಳ್ಳುವವರು ಮಹಿಳಾ ಅಧಿಕಾರಿ. ಸನ್ನೆ ಭಾಷೆಯ ದುಭಾಷಿ ಅಥವಾ ವಿಶೇಷ ಶಿಕ್ಷಕರು ಹಾಜರಿರಬೇಕು. ಹೇಳಿಕೆಯ ವಿಡಿಯೊ ಚಿತ್ರೀಕರಣ ಆಗಬೇಕು. ಎಫ್‌ಐಆರ್ ಪ್ರತಿ ಉಚಿತ.

ಇಲ್ಲಿ ಪ್ರಕರಣ ಕೆಡುವುದು ದುಭಾಷಿಯ ವಿಷಯದಲ್ಲಿ. ದುಭಾಷಿ ಸಿಗಲಿಲ್ಲವೆಂದು ಮನೆಯವರನ್ನೇ ಕೂರಿಸುತ್ತಾರೆ. ಆರೋಪಿ ಅದೇ ಮನೆಯವನಾಗಿದ್ದರೆ ಅವಳ ಬಾಯಿ ಅಲ್ಲೇ ಕಟ್ಟಿಹೋಗುತ್ತದೆ. ಹೊರಗಿನವರೇ ಆದರೂ ಅವಳ ಊರಿನ ಸನ್ನೆ ಅವರಿಗೆ ಗೊತ್ತಿರದಿದ್ದರೆ ಹೇಳಿಕೆ ತಪ್ಪಾಗಿ ದಾಖಲಾಗಿ ನ್ಯಾಯಾಲಯದಲ್ಲಿ ಸೋಲುತ್ತದೆ. ಹತ್ತಿರದ ಕಿವುಡ ಮಕ್ಕಳ ಶಾಲೆಯ ಶಿಕ್ಷಕರನ್ನು ಕರೆಸಿ ಎಂದು ಠಾಣೆಗೆ ಬರೆದುಕೊಡಿ. ಅವಳು ಬಳಸುವ ಸನ್ನೆಗಳ ಅರ್ಥವನ್ನು ಮೊದಲು ಶಿಕ್ಷಕರು ಅವಳಿಂದಲೇ ತಿಳಿದುಕೊಳ್ಳಲಿ, ಆಮೇಲೆ ಹೇಳಿಕೆ ಶುರುವಾಗಲಿ. ಬುದ್ಧಿಮಾಂದ್ಯವಿರುವ ಹುಡುಗಿಯಾದರೆ ಪ್ರಶ್ನೆ ಚಿಕ್ಕದಿರಬೇಕು, ಉತ್ತರಕ್ಕೆ ಸಮಯ ಕೊಡಬೇಕು. ಹೌದು-ಅಲ್ಲ ಎಂದು ತಲೆಯಾಡಿಸುವ ಪ್ರಶ್ನೆಗಳು ಬೇಡ. ಎಂಥ ಪ್ರಶ್ನೆಗೂ ಹೌದು ಎನ್ನುವ ಅಭ್ಯಾಸ ಹಲವರಿಗೆ ಇರುತ್ತದೆ.

ಮನೆಯೊಳಗಿನ ಹೊಡೆತ, ಊಟ ಕೊಡದಿರುವುದು, ಗಾಲಿಕುರ್ಚಿ ಬಚ್ಚಿಡುವುದು, ಪಿಂಚಣಿ ಕಿತ್ತುಕೊಳ್ಳುವುದು: ಇವಕ್ಕೆ ಕೌಟುಂಬಿಕ ದೌರ್ಜನ್ಯ ಕಾಯ್ದೆ 2005. ಇದು ಗಂಡ-ಹೆಂಡಿರ ಜಗಳಕ್ಕೆ ಮಾತ್ರ ಎಂದುಕೊಳ್ಳಬೇಡಿ. ತವರಿನಲ್ಲಿ ಒಂದೇ ಸೂರಿನಡಿ ಇರುವ ಅಣ್ಣತಮ್ಮಂದಿರ ಮೇಲೂ ದೂರು ಕೊಡಬಹುದು. ಮದುವೆಯಾಗದ ವಿಕಲಚೇತನ ಹೆಣ್ಣುಮಕ್ಕಳಿಗೆ ಇದೇ ಹೆಚ್ಚು ಬೇಕಾದ ಭಾಗ. ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ಅವರು ಘಟನೆಯ ವರದಿ ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ಎಂದು ಕಾಯ್ದೆ ಹೇಳುತ್ತದೆ. "ಮನೆಯಿಂದ ಹೊರಹಾಕಬಾರದು" ಎಂಬ ವಾಸದ ಆದೇಶವನ್ನು ಮೊದಲ ಅರ್ಜಿಯಲ್ಲೇ ಕೇಳಿ. ರ‍್ಯಾಂಪು, ಶೌಚಾಲಯ ಹೊಂದಿಕೊಂಡ ಮನೆ ಬಿಟ್ಟು ಬೇರೆಡೆ ಬದುಕುವುದು ಅವಳಿಗೆ ಬೇರೆಯವರಷ್ಟು ಸುಲಭವಲ್ಲ ಎಂಬುದನ್ನೂ ಅದರಲ್ಲಿ ಬರೆಯಿರಿ.

ಅವಳೇ ದೂರು ಕೊಡಲಾಗದ ಸ್ಥಿತಿಯಲ್ಲಿದ್ದರೆ 2016ರ ಕಾಯ್ದೆಯ 7ನೇ ಕಲಂ ಇದೆ. ಯಾರು ಬೇಕಾದರೂ ಆ ಪ್ರದೇಶದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಅಂದರೆ ಸಾಮಾನ್ಯವಾಗಿ ತಹಶೀಲ್ದಾರರಿಗೆ, ಮಾಹಿತಿ ಕೊಡಬಹುದು. ಬಿಡಿಸಿ ತರಲು, ಆಶ್ರಯ ಕೊಡಿಸಲು, ಜೀವನಾಂಶಕ್ಕೆ ಅವರು ಆದೇಶಿಸಬಹುದು. ಈ ಕಲಮನ್ನು ಬಳಸುವವರು ಬಹಳ ಕಡಿಮೆ, ಬಳಸಬೇಕು.

ಅವಳ ಮೈ, ಅವಳ ಒಪ್ಪಿಗೆ

ಮುಟ್ಟಿನ ಕಷ್ಟ ತಪ್ಪಲಿ ಎಂದು ಬುದ್ಧಿಮಾಂದ್ಯ ಮಗಳ ಗರ್ಭಕೋಶ ತೆಗೆಸುವ ಮಾತು ಬಂದರೆ ತಾಯ್ತಂದೆಯರ ಬಳಿ ಕೂತು ಮಾತಾಡಿ. 2016ರ ಕಾಯ್ದೆಯ 10ನೇ ಕಲಂ ಪ್ರಕಾರ, ಅವಳ ಸ್ವತಂತ್ರ ಮತ್ತು ಅರಿತ ಒಪ್ಪಿಗೆಯಿಲ್ಲದೆ ಸಂತಾನಹೀನತೆ ತರುವ ಯಾವ ವೈದ್ಯಕೀಯ ಪ್ರಕ್ರಿಯೆಯನ್ನೂ ಅವಳ ಮೇಲೆ ನಡೆಸುವಂತಿಲ್ಲ. ಬಟ್ಟೆ ಬದಲಿಸುವ ಅಭ್ಯಾಸವನ್ನು ಹೆಚ್ಚಿನ ಹುಡುಗಿಯರು ಚಿತ್ರ ತೋರಿಸಿ, ದಿನವೂ ಒಂದೇ ಹೊತ್ತಿಗೆ ಮಾಡಿಸಿದರೆ ಕಲಿಯುತ್ತಾರೆ. ಗರ್ಭಕೋಶ ತೆಗೆದ ಮಾತ್ರಕ್ಕೆ ದೌರ್ಜನ್ಯದಿಂದ ರಕ್ಷಣೆ ಸಿಗುವುದೂ ಇಲ್ಲ, ಅದು ಬೆಳಕಿಗೆ ಬರುವ ಒಂದು ದಾರಿ ಮುಚ್ಚುತ್ತದೆ ಅಷ್ಟೆ. ಗರ್ಭಪಾತದ ವಿಷಯದಲ್ಲೂ 2009ರಲ್ಲಿ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಲಘು ಬುದ್ಧಿಮಾಂದ್ಯವಿರುವ ಹೆಣ್ಣಿನ ಇಚ್ಛೆಯನ್ನೇ ಎತ್ತಿಹಿಡಿಯಿತು. ಅವಳೇ ಗರ್ಭಪಾತ ಬಯಸಿದರೆ, 2021ರ ನಿಯಮದಂತೆ ತೀವ್ರ ದೈಹಿಕ ವೈಕಲ್ಯವಿರುವ ಮಹಿಳೆಯರಿಗೆ 24 ವಾರಗಳವರೆಗೆ ಅವಕಾಶವಿದೆ.

ಕಚೇರಿ ಕೈಕೊಟ್ಟರೆ

ಮೊದಲು ಹಿಂಬರಹ ಕೇಳಿ. "ಆಗಲ್ಲ" ಎಂಬ ಮಾತಿಗೆ ಮೇಲ್ಮನವಿ ಇಲ್ಲ, ಬರೆದುಕೊಟ್ಟ ಹಿಂಬರಹಕ್ಕೆ ಇದೆ. ಉದ್ಯೋಗದಲ್ಲಿನ ತಾರತಮ್ಯವಾದರೆ ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಅದೇ ಕಾಯ್ದೆಯ 23ನೇ ಕಲಮಿನಂತೆ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ಬಂದ ಎರಡು ವಾರದಲ್ಲಿ ಅವರು ವಿಚಾರಿಸಬೇಕು. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಅಂಚೆಯಲ್ಲಿ ದೂರು ಕಳಿಸಿ. ಅವರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಏನು ಮಾಡಿದೆವು, ಒಪ್ಪದಿದ್ದರೆ ಏಕೆ ಎಂಬುದನ್ನು ಸಂಬಂಧಪಟ್ಟ ಕಚೇರಿ ಮೂರು ತಿಂಗಳಲ್ಲಿ ತಿಳಿಸಬೇಕು.

ದೂರಿನ ಜೊತೆ ಕಳಿಸಬೇಕಾದದ್ದು ಯುಡಿಐಡಿ ಪ್ರತಿ, ಮೊಹರು ಬಿದ್ದ ಅರ್ಜಿ, ಹಿಂಬರಹ, ಮತ್ತು ಯಾವ ತಾರೀಕು ಯಾರನ್ನು ಭೇಟಿಯಾದಿರಿ ಎಂಬ ಅರ್ಧ ಪುಟದ ಪಟ್ಟಿ. ಮೂಲ ಕಾಗದಗಳನ್ನು ಎಲ್ಲಿಯೂ ಕೊಡಬೇಡಿ. ಅವು ಅವಳ ಬಳಿ, ಅವಳ ಕೈಗೆ ಎಟುಕುವ ಎತ್ತರದಲ್ಲಿ ಇರಲಿ.